ಸಂತಪುರದ ದಾರಿಗೆ ಎರಡು ಸೈಕಲ್ಲು

ಕೊನೆಯ ಕುರಿಯನ್ನೂ ಮಾರಿ ಬಂದ ದಿನ ಹಣಮಂತಪ್ಪ ಪಡಸಾಲೆಯಲ್ಲಿ ಊಟಕ್ಕೆ ಕುಳಿತು, ರೊಟ್ಟಿ ಮುರಿಯುವ ಮೊದಲು ಹೆಂಡತಿಯನ್ನು ಕೇಳಿದ.

"ನಿನಗ ಏನ್ ಬೇಕು ಹೇಳು."

ಸಖುಬಾಯಿ ಪುಂಡಿಪಲ್ಯ ಬಡಿಸುತ್ತಿದ್ದಳು. ಮದುವೆಯಾಗಿ ಮಕ್ಕಳ ಮಕ್ಕಳನ್ನು ಎತ್ತಿ ಆಡಿಸಬೇಕಾದ ವಯಸ್ಸಾಗಿತ್ತು. ಈ ಮಾತು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಅವಳು ಯೋಚಿಸುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ.

"ಸೈಕಲ್," ಅಂದಳು. "ಎರಡು. ನಿಮಗೊಂದು, ನನಗೊಂದು."

ಮಗ ಶಿವಕಾಂತನಿಗೆ ತುತ್ತು ನೆತ್ತಿಗೇರಿತು. ಔರಾದದ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ, ಮಿರ್ಚಿಯ ಬಂಡಿ ಇಟ್ಟವನು ಅವನು. ದಿನವಿಡೀ ಮಂದಿಯ ಮಾತು ಕೇಳಿ ಕೇಳಿ ಯಾವುದಕ್ಕೂ ಬೆರಗಾಗದವನು. ನೀರು ಕುಡಿದು ಕೇಳಿದ:

"ಯವ್ವಾ, ಸೈಕಲ್ ತಗೊಂಡು ಎಲ್ಲಿಗಿ ಹೋಗ್ತಿ?"

"ಸಂತಪುರಕ್ಕ. ಎಳ್ಳಮಾಸಿಗಿ. ನಾವಿಬ್ರೂ ಕೂಡಿ."

"ಅದಕ್ಕ ಸೈಕಲ್ ಯಾಕರಿ ಅತ್ತಿ," ಅಂದಳು ಸೊಸೆ ಸಿದ್ದೇಶ್ವರಿ ಒಲೆಯ ಮುಂದಿನಿಂದ. ಅವಳು ಅಂಗನವಾಡಿಯಲ್ಲಿ ಅಡುಗೆ ಮಾಡುವವಳು, ಎದ್ದರೆ ಕೂತರೆ ಕೆಲಸ. "ಬಸ್ ಅದ. ಹೆಂಗಸ್ರಿಗಿ ಪುಕ್ಕಟ ಬ್ಯಾರೆ ಆಗ್ಯದ."

"ಬಸ್ಸಿನ್ಯಾಗ ಹೆಂಗಸ್ರು ಮುಂದ, ಗಂಡಸ್ರು ಹಿಂದ. ಕೂಡಿ ಹೋದಂಗ ಎಲ್ಲಿ ಆಯ್ತು?"

ಹಣಮಂತಪ್ಪ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ, ಬಾಯಿಗೆ ಹಾಕಲು ಮರೆತು ಹಾಗೇ ಹಿಡಿದುಕೊಂಡಿದ್ದ.

ಅವನು ಕುರಿಯ ಹಿಂದೆ ನಡೆದೇ ಹೆಣವಾಗುವಷ್ಟು ನಡೆದವನು. ದೀಪಾವಳಿ ಮುಗಿದದ್ದೇ ಕುರಿ ಹೊಡೆದುಕೊಂಡು ದೇಗಲೂರು, ನಾಂದೇಡದ ಕಡೆ ಹೋದರೆ ಮಳೆ ಹಿಡಿದ ಮೇಲೆ ಬರುತ್ತಿದ್ದ. ಮಳೆಗಾಲದಲ್ಲೂ ಊರ ಹೊರಗಿನ ದೊಡ್ಡಿಯಲ್ಲೇ ಮಲಗುತ್ತಿದ್ದ. ಮನೆಗೆ ಬಂದರೆ ಬುತ್ತಿ ಕಟ್ಟಿಸಿಕೊಳ್ಳಲು ಬರಬೇಕು, ಇಲ್ಲ ಜ್ವರ ಬಂದು ಬರಬೇಕು. ಈಗ ಮೇಯಿಸುವ ಬಯಲಿಗೆಲ್ಲ ತಂತಿಬೇಲಿ ಬಿದ್ದಿತ್ತು. ಮಗ ಕೋಲು ಹಿಡಿಯಲಿಲ್ಲ. ಹಾಗಾಗಿ ಮಾರಿದ.

ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ಸಖುಬಾಯಿ ಪ್ರತಿ ವರ್ಷ ತವರಿಗೆ ಹೋಗುತ್ತಿದ್ದಳು. ಸಂತಪುರದಲ್ಲಿ ಅಣ್ಣ ಶಿವರಾಜಪ್ಪನ ಹೊಲ. ಬನ್ನಿಗಿಡದ ಕೆಳಗೆ ಜೋಳದ ದಂಟಿನ ಕೊಪ್ಪೆ ಹಾಕಿ, ಐದು ಕಲ್ಲುಗಳ ಪಾಂಡವರನ್ನಿಟ್ಟು ಪೂಜೆ ಮಾಡಿ, ಹೊಲದ ತುಂಬ ಎಡೆಯ ಚರಗ ಚೆಲ್ಲಿ, ಕಾಳು-ಸೊಪ್ಪಿನ ಬಜ್ಜಿ, ಸಜ್ಜೆರೊಟ್ಟಿ, ಅಂಬಲಿ ಉಣ್ಣುವ ಹಬ್ಬ ಅದು. ಎಲ್ಲ ಹೆಣ್ಣುಮಕ್ಕಳೂ ಗಂಡಂದಿರ ಜೊತೆ ಬರುತ್ತಿದ್ದರು. ಮೊದಲು ಎತ್ತಿನ ಬಂಡಿಯಲ್ಲಿ, ಆಮೇಲೆ ಗಂಡನ ಸೈಕಲ್ಲಿನ ಹಿಂದೆ ಕೂತು, ಈಗ ಮೋಟಾರ್‌ಸೈಕಲ್ಲಿನ ಮೇಲೆ. ಸಖುಬಾಯಿ ಒಬ್ಬಳೇ ಬಸ್ಸಿಳಿದು ನಡೆದು ಬರುವಳು. ಅತ್ತಿಗೆ ಪ್ರತಿ ವರ್ಷ ಕೇಳುವಳು: "ನಿಮ್ಮವ್ರು ಈಗ ಯಾವ ಊರ ಮ್ಯಾಲ ಅವರವ್ವಾ?" ಇವಳು ಬಾಯಿಗೆ ಬಂದ ಊರಿನ ಹೆಸರು ಹೇಳುವಳು. ಖರೆ ಯಾವ ಊರೆಂದು ಅವಳಿಗೂ ಗೊತ್ತಿರುತ್ತಿರಲಿಲ್ಲ.

ಮರುವಾರ ಗಂಡಹೆಂಡಿರು ಬೀದರಿಗೆ ಹೋದರು. ಉಸ್ಮಾನಗಂಜಿನ ಹಿಂದಿನ ಗಲ್ಲಿಯಲ್ಲಿ ಏಜಾಜನದು ಹಳೆಯ ಸೈಕಲ್ಲಿನ ಅಂಗಡಿ. ಹೊಸದಕ್ಕೆ ಹೋದರೆ ಕೈ ಸುಡುತ್ತದೆಂದು ಶಿವಕಾಂತನೇ ಅಲ್ಲಿಗೆ ಕಳಿಸಿದ್ದ. ಏಜಾಜ ಸಖುಬಾಯಿಯನ್ನು ನೋಡಿದವನೇ ಮುಂದೆ ಬುಟ್ಟಿ ಇದ್ದ ನೇರಳೆ ಬಣ್ಣದ ಲೇಡೀಸ್ ಸೈಕಲ್ ಹೊರಗೆ ತಂದು ನಿಲ್ಲಿಸಿದ.

"ಇದು ಬ್ಯಾಡಪ್ಪ," ಅಂದಳು. "ಆ ನಡು ದಂಡದ್ದು ಕೊಡು."

"ಅಮ್ಮಾ, ಅದು ಗಂಡಸ್ರದ್ದು. ಸೀರಿ ಉಟ್ಟು ಹ್ಯಾಂಗ ಹತ್ತತೀರಿ?"

"ಕಚ್ಚಿ ಹಾಕೇನಿ, ಕಾಣಲ್ಲೇನ? ಕಾಲು ಆ ಕಡಿ ಹಾಕ್ಲಿಕ್ಕ ಏನ್ ತ್ರಾಸ?"

ಚಿಕ್ಕಂದಿನಲ್ಲಿ ಅಣ್ಣ ಹಾಲು ಹಾಕಲು ಇಟ್ಟಿದ್ದ ದೊಡ್ಡ ಸೈಕಲ್ಲಿನ ದಂಡದ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತವಳು ಅವಳು. ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ಈಗ ಹ್ಯಾಂಡಲ್ ಹಿಡಿದು, ಪೆಡಲಿನ ಮೇಲೆ ಒಂದು ಕಾಲಿಟ್ಟು ಗಲ್ಲಿಯಲ್ಲಿ ಕುಂಟುತ್ತ ಓಡಿದಳು. ಸೈಕಲ್ ಅತ್ತ ವಾಲಿತು, ಇತ್ತ ವಾಲಿತು. ಆಮೇಲೆ ಅವಳ ಕಾಲು ಆಚೆ ಬಿತ್ತು. ಗಲ್ಲಿಯ ತುದಿಯ ತನಕ ಹೋಗಿ, ತಿರುಗಿಸಿಕೊಂಡು ಬಂದಳು. ತಲೆಯ ಮೇಲಿನ ಸೆರಗು ಭುಜಕ್ಕೆ ಬಿದ್ದದ್ದೂ ಅವಳಿಗೆ ತಿಳಿದಿರಲಿಲ್ಲ.

ಹಣಮಂತಪ್ಪ ಹೆಂಡತಿಯನ್ನು ಯಾರೋ ಪರವೂರವಳನ್ನು ನೋಡುವ ಹಾಗೆ ನೋಡಿದ.

"ನಿನಗ ಬರ್ತದ?"

"ಬರ್ತದರಿ. ಮರ್ತಿಲ್ಲ ನೋಡ್ರಿ."

"ಚಾಚಾ, ನೀವೂ ಒಂದ್ ಚಕ್ಕರ್ ಹೊಡೀರಿ," ಅಂದ ಏಜಾಜ.

ಹಣಮಂತಪ್ಪ ತನಗೆಂದು ನಿಲ್ಲಿಸಿದ ಸೈಕಲ್ಲಿನ ಹತ್ತಿರ ಹೋದ. ಟಾಯರನ್ನು ಹೆಬ್ಬೆರಳಿನಿಂದ ಒತ್ತಿದ. ಸೀಟಿನ ಹಿಂದೆ ಬೆನ್ನು ಸವರುವ ಹಾಗೆ ಸವರಿದ. ಹಿಂದಿನ ಗಾಲಿ ಎತ್ತಿ ಇಳಿಸಿದ.

"ಕುರಿ ಕೊಳ್ಳಾಗ ಮ್ಯಾಲ ಹತ್ತಿ ನೋಡ್ತಾರೇನೋ ತಮ್ಮಾ? ಇದರ ಕಾಲು ಗಟ್ಟಿ ಅವ. ಸಾಕು."

ಏಜಾಜ ನಕ್ಕ, ಸಖುಬಾಯಿಯೂ ನಕ್ಕಳು. ಎರಡೂ ಸೈಕಲ್ಲುಗಳನ್ನು ಟಂಟಂ ಆಟೋದಲ್ಲಿ ಹಾಕಿ ಔರಾದಕ್ಕೆ ತಂದರು.

ಮರುದಿನ ಬೆಳಗ್ಗೆ ಸಖುಬಾಯಿ ಸೈಕಲ್ ಒರೆಸಿ ನಿಲ್ಲಿಸಿ, "ನಡೀರಿ, ಗುಡಿ ತನಕ ಹೋಗಿ ಬರೋಣು," ಅಂದಳು.

"ನಂದಕ್ಕ ಗಂಟಿ ಇಲ್ಲ," ಅಂದ ಹಣಮಂತಪ್ಪ. "ಗಂಟಿ ಇಲ್ಲದ ಸೈಕಲ್ ಮ್ಯಾಲ ಹೋಗಿ ಯಾರಿಗರ ಹಾಯ್ದ್ರ?"

ಗಂಟೆ ಬಂತು. ಆಗ ಕ್ಯಾರಿಯರ್ ಸಣ್ಣದಾಯಿತು. "ಅಂಬಲಿ ಗಡಿಗಿ ಇದ್ರ ಮ್ಯಾಲ ನಿಲ್ಲಂಗಿಲ್ಲ." ಅಗಲವಾದ ಕ್ಯಾರಿಯರ್ ಬಂತು. ಆಮೇಲೆ ಮಡ್ಗಾರ್ಡ್, ಧೂಳು ಹಾರಿ ಹಿಂದೆ ಬರುವವರ ಕಣ್ಣಿಗೆ ಬೀಳುತ್ತದಂತೆ. ಚೈನಿಗೆ ಕವರ್, ಧೋತರ ಸಿಗುತ್ತದಂತೆ. ಬೀಗ, ಹಿಂದಿನ ಕೆಂಪು ದೀಪ, ಸೀಟಿನ ಮೇಲೆ ಗೊಂಡೆಯ ಕವರು. ಒಂದೊಂದು ಸಾಮಾನಿಗೂ ಅವನೇ ಬಸ್ ಹತ್ತಿ ಒಮ್ಮೆ ಬೀದರಿಗೆ, ಒಮ್ಮೆ ಭಾಲ್ಕಿಗೆ ಹೋಗುವನು, ಸಂಜೆಗೆ ಚೀಲ ಹಿಡಿದು ಬರುವನು. ಅಗ್ಗದ ಸಾಮಾನೇ ತರುತ್ತಿದ್ದ, ಆದರೂ ತರುತ್ತಲೇ ಇದ್ದ. ಅವನ ಸೈಕಲ್ಲು ಕಾರಹುಣ್ಣಿಮೆಯ ಎತ್ತಿನ ಹಾಗೆ ಸಿಂಗಾರಗೊಂಡು ಪಡಸಾಲೆಯ ಗೋಡೆಗೆ ಒರಗಿ ನಿಂತಿತು. ಅಲ್ಲಿಂದ ಕದಲಲಿಲ್ಲ.

ಸಖುಬಾಯಿಯ ಸೈಕಲ್ಲಿಗೆ ಬಂದಾಗ ಇದ್ದದ್ದೇ ಇತ್ತು. ಅವಳು ಅದರ ಮೇಲೆ ಜೋಳದ ಚೀಲ ಹೇರಿಕೊಂಡು ಗಿರಣಿಗೆ ಹೋಗಿಬಂದಳು. ಒಂದು ದಿನ ಸಂತೆಗೆ ಹೋಗಿಬಂದಳು.

"ಅತ್ತಿ, ಓಣ್ಯಾಗ ನಗ್ಲತ್ತಾರರಿ," ಅಂದಳು ಸಿದ್ದೇಶ್ವರಿ.

"ಯಾರು?"

"ಎಲ್ಲಾರೂ."

"ಎಲ್ಲಾರೂ ನಕ್ರ ಒಳ್ಳೇದೇ ಆಯ್ತು. ಒಬ್ಬಿಬ್ರು ನಕ್ರ ಸಿಟ್ಟು ಬರ್ತಿತ್ತು."

ಆದರೆ ಒಂದು ಸಂಜೆ ಸಿದ್ದೇಶ್ವರಿ ಹಾಲಿನ ಪಾತ್ರೆ ಹಿಡಿದು ಬರುವಾಗ ಮಾವನ ಸೈಕಲ್ಲಿನ ಪೆಡಲ್ ಕಾಲಿಗೆ ಬಡಿಯಿತು. ಹಾಲೆಲ್ಲ ಪಡಸಾಲೆಯ ಪಾಲಾಯಿತು. ಅವಳು ಅತ್ತೆಯ ಕಡೆ ಮುಖ ಮಾಡಿ, ಕಟ್ಟೆಯ ಮೇಲೆ ಕೂತ ಮಾವನಿಗೆ ಕೇಳುವಷ್ಟು ಜೋರಾಗಿ ಅಂದಳು:

"ಇದು ಮನಿ ಅದನೋ ಸೈಕಲ್ ಅಂಗಡಿ ಅದನೋ ನೀವೇ ಹೇಳ್ರಿ ಅತ್ತಿ. ಒಂದಿನಾನೂ ಹೊರಗ ಹೋಗಂಗಿಲ್ಲ. ನಿಂತಲ್ಲೇ ನಿಂತು ತಿಂತದ. ಕುರಿ ಇದ್ರ ಮರೀನರ ಹಾಕ್ತಿತ್ತು."

"ಒರೆಸು ಸಿದ್ದೂ, ಇರಿವಿ ಬರ್ತಾವ," ಅಂದಳು ಸಖುಬಾಯಿ. ತಾನೇ ಅರಿವೆ ತಂದು ಕೂತು ಒರೆಸಿದಳು. ಸೊಸೆ ಹೇಳಿದ್ದು ತನ್ನ ಮನಸ್ಸಿನಲ್ಲಿದ್ದದ್ದೇ. ಗಂಡನಿಗೆ ತನ್ನ ಜೊತೆ ಹೋಗಲು ಮನಸ್ಸಿಲ್ಲ. ಒಲ್ಲೆ ಅನ್ನಲು ಬಾಯಿಲ್ಲದೆ ಗಂಟೆ, ದೀಪ ತರುತ್ತಿದ್ದಾನೆ. ಮನೆಯಲ್ಲಿ ಇಲ್ಲದವನನ್ನು ಕಾಯುವುದು ಅವಳಿಗೆ ರೂಢಿಯಿತ್ತು. ಎದುರಿಗೆ ಕೂತವನನ್ನು ಕಾಯುವುದು ಹೊಸದಾಗಿತ್ತು.

ಮಾರ್ಗಶಿರ ಅರ್ಧ ಕಳೆಯಿತು. ಹೊಲಗಳಲ್ಲಿ ತೊಗರಿ ಬಲಿಯಿತು, ಕಡಲೆ ಕಾಯಿ ಕಟ್ಟಿತು. ಹಣಮಂತಪ್ಪನ ಭಾಲ್ಕಿಯ ಓಡಾಟ ಮಾತ್ರ ಹೆಚ್ಚಾಯಿತು. ಈಗ ಸಂಜೆಗೆ ಬರುವಾಗ ಕೈಯಲ್ಲಿ ಚೀಲವೂ ಇರುತ್ತಿರಲಿಲ್ಲ. ಒಮ್ಮೆ ಮೊಣಕೈ ತರಚಿಕೊಂಡು ಬಂದ. "ಬಸ್ ಇಳಿಯಾಗ ಬಿದ್ದೆ," ಅಂದ.

ಆ ದಿನ ಊಟಕ್ಕೆ ಕೂತಾಗ ಶಿವಕಾಂತ ಬಾಯಿಬಿಟ್ಟ.

"ಅಪ್ಪಾ, ಇವತ್ತು ಬಂಡಿ ಮುಂದ ಭಾಲ್ಕಿಯವರೊಬ್ರು ಚಾ ಕುಡೀಲಿಕ್ಕ ಬಂದಿದ್ರು. ನಿನ್ನ ವೀರಭದ್ರನ ಹಟ್ಟಿ ಮುಂದ ನೋಡ್ಯಾರಂತ. ಒಂದಿನ ಅಲ್ಲಂತ, ಭಾಳ ದಿನ."

ವೀರಭದ್ರ ಹಣಮಂತಪ್ಪನ ಕೂಡ ಕುರಿ ಕಾಯ್ದವನು. ಅವನ ಹಿಂಡು ಇನ್ನೂ ಇತ್ತು. ಈ ವರ್ಷ ತಡವಾಗಿ, ಎಳ್ಳಮಾಸಿ ಹೊತ್ತಿಗೆ ಹೊರಡುವುದೆಂದು ಸುದ್ದಿ.

"ಹೋಗಿದ್ದೆ," ಅಂದ ಹಣಮಂತಪ್ಪ.

"ಯಾಕ?"

"ಕೆಲಸ ಇತ್ತು."

"ಕುರಿ ಮಾರಿದವನಿಗಿ ಹಟ್ಟ್ಯಾಗ ಏನ್ ಕೆಲಸಪ್ಪ? ಮತ್ತ ಅವನ ಜೋಡಿ ಹೋಗಾವ ಅದೀಯೇನ? ಖರೆ ಹೇಳು. ಅವ್ವ ಆಸಿ ಮಾಡಿ ಕೂತಾಳ."

ಸಖುಬಾಯಿ ಎದ್ದು ಒಳಗೆ ಹೋದಳು. ಗಳುವಿನ ಮೇಲಿದ್ದ ಕರಿಯ ಕಂಬಳಿ ತಂದು, ಮಡಚಿ, ಗಂಡನ ಪಕ್ಕಕ್ಕೆ ಇಟ್ಟಳು.

"ಹೋಗೋದಿದ್ರ ಹೋಗ್ರಿ. ನಾ ಯಾವತ್ತೂ ಬ್ಯಾಡ ಅಂದಾಕಿ ಅಲ್ಲ. ಖರೆ ಈ ಸಲ ಹೇಳಿ ಹೋಗ್ರಿ. ಮುಂಜಾನಿ ಎದ್ದು ನೋಡಿದ್ರ ಹಾಸಿಗಿ ಖಾಲಿ ಇರೋದು ಸಾಕಾಗ್ಯದ ನನಗ."

"ಎಲ್ಲಿಗೂ ಹೋಗಂಗಿಲ್ಲ ನಾ."

"ಮತ್ತ ಭಾಲ್ಕಿ?"

"ಕೆಲಸ ಅಂದೆನಲ್ಲ."

ಸಿದ್ದೇಶ್ವರಿ ಮಾವನಿಗೆ ಇನ್ನೊಂದು ರೊಟ್ಟಿ ಹಾಕಲು ಬಂದವಳು ಹಾಗೇ ನಿಂತಳು. ಅವನು ಕೈ ಅಡ್ಡ ಹಿಡಿದ. ಆ ರೊಟ್ಟಿಯನ್ನು ಆ ದಿನ ಯಾರೂ ತಿನ್ನಲಿಲ್ಲ.

ಹಬ್ಬ ನಾಡಿದ್ದು ಅನ್ನುವಾಗ ಸಖುಬಾಯಿ ಹಿತ್ತಲಲ್ಲಿ ಅರಿವೆ ಒಗೆಯಲು ಕೂತಳು. ಗಂಡನ ಧೋತರ ಬಿಡಿಸಿದಳು. ಬಲಗಾಲಿನ ಕಡೆ, ಪಾದದ ಮೇಲೆ ಬೀಳುವಲ್ಲಿ, ಕರಿಯ ಎಣ್ಣೆಯ ಹಲ್ಲುಗಳು ಸಾಲಾಗಿ ಮೂಡಿದ್ದವು. ಸಬಕಾರ ಹಚ್ಚಿ ತಿಕ್ಕಿದಳು. ಹೋಗಲಿಲ್ಲ. ಇನ್ನೊಮ್ಮೆ ತಿಕ್ಕಹೋಗಿ ಕೈ ತಡೆದಳು. ಸಣ್ಣವಳಿದ್ದಾಗ ಅವಳ ಪರಕರದ ಮೇಲೆ ಇದೇ ಗುರುತು ನೋಡಿ ಅವ್ವ ಬಡಿಯುತ್ತಿದ್ದಳು. ಚೈನಿನ ಗುರುತು ಅದು. ಆದರೆ ಪಡಸಾಲೆಯ ಸೈಕಲ್ಲಿನ ಚೈನಿಗೆ ಕವರ್ ಇತ್ತು, ಅದು ಒಂದು ದಿನವೂ ಹೊರಗೆ ಹೋಗಿರಲಿಲ್ಲ.

ಒದ್ದೆ ಕೈಯಲ್ಲೇ ಒಳಗೆ ಬಂದಳು. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಹಣಮಂತಪ್ಪ ಕಂಬಕ್ಕೆ ಒರಗಿ ಕೂತಿದ್ದ.

"ಕಾಲು ತೋರ್ಸ್ರಿ."

"ಯಾಕ?"

"ತೋರ್ಸ್ರಿ ಅಂದೆ."

ಅವನು ತೋರಿಸಲಿಲ್ಲ. ಅವಳೇ ಧೋತರ ಸರಿಸಿದಳು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಪೆಡಲ್ ಕೆತ್ತಿದ ಗೆರೆಗಳು. ಕೆಲವು ಹಳೆಯವು, ಒಣಗಿದ್ದವು, ಒಂದು ಇನ್ನೂ ಹಸಿ ಇತ್ತು. ಅವಳು ಒಳಗಿನಿಂದ ಅರಿಶಿಣ, ಎಣ್ಣೆ ಕಲಸಿ ತಂದು ಎದುರಿಗೆ ಕೂತಳು. ಹಚ್ಚುತ್ತ ಕೇಳಿದಳು:

"ನಿಮಗ ಸೈಕಲ್ ಬರಂಗಿಲ್ಲೇನ?"

ಅವನು ಬಾಗಿಲ ಕಡೆ ಮುಖ ತಿರುಗಿಸಿದ.

"ಬರಂಗಿಲ್ಲ."

"ಇಷ್ಟ್ ವರ್ಷ ಆಯ್ತು. ಒಂದ್ ಸಲಾನರ ಹೇಳಬಾರ್ದಾ?"

"ನಿನಗ ಗೊತ್ತದ ಅಂತ ಮಾಡಿದ್ದೆ. ಹೆಂಡ್ತಿಗಿ ಗೊತ್ತಿರ್ತದಲ್ಲ."

"ನನಗ ಹ್ಯಾಂಗ ಗೊತ್ತಾಗ್ಬೇಕ್ರಿ? ನೀವು ಮನ್ಯಾಗ ಯಾವಾಗ ಇದ್ರಿ?"

ಅವಳು ಎಣ್ಣೆ ಹಚ್ಚಿ ಮುಗಿದರೂ ಕೈ ತೆಗೆಯದೆ ಕೂತಳು.

"ಭಾಲ್ಕ್ಯಾಗ ಕಲೀಲತ್ತಿದ್ರೇನ?"

"ವೀರಭದ್ರನದೊಂದು ಹಳೀದು ಅದ. ಹಟ್ಟಿ ಹಿಂದ ಬಯಲದ. ಅಲ್ಲಿ ಕುರಿ ಬಿಟ್ರ ನೋಡವ್ರು ಯಾರೂ ಇಲ್ಲ."

"ಕುರಿ ನಗ್ಲಿಲ್ಲೇನ?"

"ಮೊದಲ್ ದಿನ ಓಡಿ ಹೋದ್ವು. ಈಗ ರೂಢಿ ಆಗ್ಯದ, ಮೇಯ್ಕೋತ ಇರ್ತಾವ."

ಸಖುಬಾಯಿ ಸೆರಗು ಬಾಯಿಗಿಟ್ಟುಕೊಂಡಳು. "ಈಗ ಎಷ್ಟ್ ಬಂದದ?"

"ನೆಟ್ಟಗ ಹೋಗ್ತದ. ಹೊಳ್ಳಸ್ಲಿಕ್ಕ ಬರಲ್ಲ. ನಿಲ್ಲಸ್ಲಿಕ್ಕ ಬರಲ್ಲ."

"ಮತ್ತ ಇಳೀತೀರಿ ಹ್ಯಾಂಗ?"

"ಬೀಳ್ತೇನಿ."

ಈಗ ಅವಳಿಗೆ ತಡೆಯಲಾಗಲಿಲ್ಲ, ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಅವನು ನಗಲಿಲ್ಲ.

"ನೀ ಕೇಳಿದ್ದು ಅದೊಂದೇ ಸಖೂ. ಬಂಗಾರ ಕೇಳ್ಲಿಲ್ಲ, ಸೀರಿ ಕೇಳ್ಲಿಲ್ಲ. ಅದೂ ಬರಂಗಿಲ್ಲ ಅಂತ ಯಾವ ಬಾಯಿಲೆ ಹೇಳ್ಲಿ?"

"ಲಾರಿ ಓಡೋ ರೋಡದು. ಅದರ ಮ್ಯಾಲ ಬೀಳೋದು ಬ್ಯಾಡ."

"ಹಂಗಾದ್ರ ನೀ ಸೈಕಲ್ ಮ್ಯಾಲ ಹೋಗು. ನಾ ಬಸ್ಸಿಗಿ ಬರ್ತೇನಿ."

"ಅದು ಬ್ಯಾಡ," ಅಂದಳು ಅವಳು.

ಹಬ್ಬದ ದಿನ ಬೆಳಕು ಹರಿಯುವ ಹೊತ್ತಿಗೆ ಹಣಮಂತಪ್ಪ ತಲೆಗೆ ರುಮಾಲು ಸುತ್ತಿ ತನ್ನ ಸೈಕಲ್ಲನ್ನು ಪಡಸಾಲೆಯಿಂದ ಹೊರಗೆ ಇಳಿಸಿದ. ಅಂಬಲಿಯ ಗಡಿಗೆಯನ್ನು ಅಗಲವಾದ ಕ್ಯಾರಿಯರಿಗೆ ಹಗ್ಗ ಹಾಕಿ ಕಟ್ಟಿದ. ಶಿವಕಾಂತ, ಸಿದ್ದೇಶ್ವರಿ ಇಬ್ಬರೂ ಬಾಗಿಲಿಗೆ ಬಂದು ನಿಂತರು.

"ಹತ್ತಪ್ಪಾ," ಅಂದ ಶಿವಕಾಂತ. "ನೋಡೋಣು."

ಹಣಮಂತಪ್ಪ ಹೆಂಡತಿಯ ಮುಖ ನೋಡಿದ.

"ಓಣಿ ತುಂಬ ತಗ್ಗು ಅವ, ಗಡಿಗಿ ಒಡದ್ರ?" ಅಂದಳು ಸಖುಬಾಯಿ. "ಊರು ದಾಟ್ಲಿ, ಆಮ್ಯಾಲ ಹತ್ತತಾರ." ತನ್ನ ಸೈಕಲ್ಲನ್ನೂ ಹತ್ತದೆ ಕೈಯಲ್ಲಿ ಹಿಡಿದು ತಳ್ಳುತ್ತ ಹೊರಟಳು. ಸಿದ್ದೇಶ್ವರಿ ಹಿಂದಿನಿಂದ ಬಂದು ಶೇಂಗಾ ಹೋಳಿಗೆಯ ಗಂಟನ್ನು ಅವಳ ಹ್ಯಾಂಡಲಿಗೆ ಸಿಕ್ಕಿಸಿದಳು.

"ಸಾವಕಾಶ ಹೋಗ್ರಿ ಅತ್ತಿ. ಮಾವಾರಿಗಿ ಒಂದ್ ಹೋಳಿಗಿ ಜಾಸ್ತಿ ಕಟ್ಟೇನಿ."

ಊರು ದಾಟಿತು. ಇಬ್ಬರೂ ಹತ್ತಲಿಲ್ಲ. ನಡುವೆ ಎರಡು ಸೈಕಲ್ಲು, ಅತ್ತ ಒಬ್ಬರು, ಇತ್ತ ಒಬ್ಬರು ನಡೆದರು. ಮೊದಮೊದಲು ಹಣಮಂತಪ್ಪ ರೂಢಿಯಂತೆ ಮುಂದೆ ಮುಂದೆ ಹೋಗುತ್ತಿದ್ದ. ಹತ್ತು ಮಾರು ಹೋಗಿ, ನೆನಪಾಗಿ, ನಿಲ್ಲುತ್ತಿದ್ದ. ಆಮೇಲೆ ಅವನ ಕಾಲು ಅವಳ ಕಾಲಿನ ಅಳತೆ ಹಿಡಿಯಿತು.

ಮೋಟಾರ್‌ಸೈಕಲ್ಲಿನ ಮೇಲೆ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಹೊಲಕ್ಕೆ ಹೊರಟಿದ್ದ ಪರಿಚಯದವನೊಬ್ಬ ಗಾಡಿ ನಿಧಾನ ಮಾಡಿದ.

"ಯಾಕ ಕಾಕಾ, ಪಂಚರ್ ಆಗ್ಯದೇನ?"

"ಹೂಂ," ಅಂದ ಹಣಮಂತಪ್ಪ.

"ಎರಡೂ?"

"ಎರಡೂ."

ಅವನು ತಲೆ ಅಲ್ಲಾಡಿಸುತ್ತ ಹೋದ. ಸಖುಬಾಯಿ ನಗುತ್ತ ಒಂದು ಗಳಿಗೆ ರಸ್ತೆಯ ಅಂಚಿಗೆ ನಿಲ್ಲಬೇಕಾಯಿತು.

"ನೀ ಹತ್ತು," ಅಂದ ಅವನು. "ನಿನ್ನ ಸೈಕಲ್ ಸುಮ್ನ ತಳ್ಳಿಸೋದು ಪಾಪ. ಸಾವಕಾಶ ಹೊಡಿ. ನಾ ಜೋಡಿ ಬರ್ತೇನಿ. ಹಿಂಡು ಓಡಿದ್ರೂ ಹಿಂದ ಬಿದ್ದಾವಲ್ಲ ನಾ."

ಅವಳು ಹತ್ತಿದಳು. ಬೀಳದಿರುವಷ್ಟು ಮೆಲ್ಲಗೆ ಪೆಡಲ್ ತುಳಿದಳು. ಅವನು ತನ್ನ ಸೈಕಲ್ ತಳ್ಳುತ್ತ ಬಿರಬಿರನೆ ಪಕ್ಕದಲ್ಲೇ ಬಂದ, ದಮ್ಮೂ ಹತ್ತಲಿಲ್ಲ. ಅವಳು ಕೇಳಿದಳು:

"ಶಿವಕಾಂತ ಹುಟ್ಟಿದಾಗ ನೀವು ಎಲ್ಲಿದ್ರಿ?"

"ದೇಗಲೂರ ಆಚಿ. ವಾರ ಬಿಟ್ಟು ಸುದ್ದಿ ಬಂತು. ಆ ಊರಿನ ದುಕಾನಿಗಿ ಹೋಗಿ ಬೆಲ್ಲ ತಂದು, ಜೋಡಿ ಇದ್ದ ಕುರುಬರಿಗೆಲ್ಲ ಹಂಚಿದೆ. ನಾಯಿಗೂ ಹಾಕ್ದೆ."

"ನನಗ ಕೊಡ್ಲಿಲ್ಲ."

"ಇಲ್ಲ," ಅಂದ ಅವನು. "ಇಟ್ಟಿದ್ದೆ, ಖರೆ. ಅಂಗೈಯಷ್ಟು ಅರಿವ್ಯಾಗ ಕಟ್ಟಿ ಇಟ್ಟಿದ್ದೆ. ಬರೋ ತನಕ ಕರಗಿ ನೀರಾಗಿತ್ತು."

ಇದನ್ನು ಅವಳು ಈವರೆಗೆ ಕೇಳಿರಲಿಲ್ಲ. ಇನ್ನೂ ಏನೇನೋ ವಿಚಾರಿಸಿದಳು. ಜ್ವರ ಬಂದಾಗ ಯಾರು ಗಂಜಿ ಕಾಸಿದರು, ತೋಳ ಬಂದದ್ದು ಯಾವ ಹಳ್ಳದಲ್ಲಿ, ಎಳ್ಳಮಾಸಿಯ ದಿನ ಏನು ಉಣ್ಣುತ್ತಿದ್ದಿರಿ. ಅವನು ಹೇಳುತ್ತ ಬಂದ. ಮದುವೆಯ ಇಷ್ಟು ವರ್ಷಗಳಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಆ ರಸ್ತೆಯ ಮೇಲೆ ಆಡಿದ. ಎರಡೂ ಕಡೆ ತೊಗರಿ ತೂಗುತ್ತಿತ್ತು, ಹೊಲಹೊಲಗಳಿಂದ ಹೊಗೆ ಏಳುತ್ತಿತ್ತು.

ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಬಡಿದುಕೊಂಡಿತು. ಇಳಿದು ತೆಗೆದಳು. ಅಣ್ಣ ಶಿವರಾಜಪ್ಪ.

"ಎಲ್ಲಿ ಬಂದೀರವ್ವಾ? ಚರಗ ಚೆಲ್ಲೋ ಹೊತ್ತಾಯ್ತು. ಭಾವಾರು ಖರೇನೇ ಬರ್ಲತ್ತಾರೇನ?"

"ಬರ್ಲತ್ತಾರ. ಜೋಡೀನೇ ಅದಾರ," ಅಂದಳು. "ಇಲ್ಲೇ ಬಂದೇವಣ್ಣ."

ಮುಂದಿನ ತಿರುವು ದಾಟಿದರೆ ಹೊಲ. ಹೊಲದ ಬದುವಿನ ಮೇಲೆ ಬಣ್ಣಬಣ್ಣದ ಸೀರೆಗಳು ಓಡಾಡುವುದು ಇಲ್ಲಿಂದಲೇ ಕಾಣುತ್ತಿತ್ತು. ಅಲ್ಲಿಗೆ ಹೋದರೆ ಗಂಡಸರು ಒಂದು ಪಂಕ್ತಿ, ಹೆಂಗಸರು ಒಲೆಯ ಹತ್ತಿರ. ಶಿವರಾಜಪ್ಪ ಭಾವನ ಕೈ ಹಿಡಿದು ಕರೆದುಕೊಂಡು ಹೋಗುತ್ತಾನೆ. ಸಂಜೆಗೆ ಯಾರದೋ ಟ್ರ್ಯಾಕ್ಟರಿನಲ್ಲಿ ಸೈಕಲ್ ಹಾಕಿ ಇಬ್ಬರನ್ನೂ ಔರಾದಕ್ಕೆ ಕಳಿಸುತ್ತಾನೆ, ಬಿಡುವುದಿಲ್ಲ.

ಸಖುಬಾಯಿ ಫೋನು ಸೊಂಟಕ್ಕೆ ಸಿಕ್ಕಿಸಿದಳು. ಸೈಕಲ್ ಹತ್ತಲಿಲ್ಲ.

"ಯಾಕ?" ಅಂದ ಹಣಮಂತಪ್ಪ.

"ನಂದು ಚೈನ್ ಬಿದ್ದದ ಅನಸ್ತದರಿ."

ಅವನು ತನ್ನ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಬಂದು ಅವಳ ಸೈಕಲ್ಲಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತ. ಪೆಡಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿದ. ಗಾಲಿ ಸರಾಗವಾಗಿ ತಿರುಗಿತು. ಚೈನು ಹಲ್ಲಿಗೆ ಹಲ್ಲು ಕೂತು ಓಡಿತು. ಅವನು ತಿರುಗುವ ಗಾಲಿಯನ್ನೇ ಅದು ನಿಲ್ಲುವ ತನಕ ನೋಡಿದ. ಆಮೇಲೆ ತಲೆ ಎತ್ತಿ ಅವಳನ್ನು ನೋಡಿದ.

"ಹೌದು," ಅಂದ. "ಬಿದ್ದದ. ಜರಾ ಹೊತ್ತು ಹಿಡೀತದ."

ರಸ್ತೆಯ ಪಕ್ಕದ ಬೇವಿನ ನೆರಳಿಗೆ ಎರಡೂ ಸೈಕಲ್ ಸರಿಸಿ ನಿಲ್ಲಿಸಿ, ರುಮಾಲು ಬಿಚ್ಚಿ ನೆಲಕ್ಕೆ ಹಾಸಿದ. ಅವಳಿಗೆ ಕೂಡಲು ಜಾಗ ಬಿಟ್ಟು ತಾನು ಅಂಚಿಗೆ ಕೂತ.